ನಮ್ಮ ಸೊಸೈಟಿಯ ಹೊಂಗೆ ಹೂ ಬಿಟ್ಟಿತು

2018ರ ಬೇಸಿಗೆ. ಪುಣೆಯ ಹಿಂಜವಡಿ ಕಡೆ ಇರುವ ನಮ್ಮ ಹೌಸಿಂಗ್ ಸೊಸೈಟಿಗೆ ಆಗ ನಾನು ಖಜಾಂಚಿ. ಏಳನೇ ಮಹಡಿಯ ಸಜ್ಜಾದ ಕೆಳಗೆ ಹೆಜ್ಜೇನು ಗೂಡು ಕಟ್ಟಿತ್ತು. ಮಕ್ಕಳಿಗೆ ಕಚ್ಚೀತೆಂದು ಎಲ್ಲರಿಗೂ ಭಯ. ಪೆಸ್ಟ್ ಕಂಟ್ರೋಲ್‌ನವರ ಚೆಕ್ಕಿಗೆ ಸಹಿ ಹಾಕಿದವನು ನಾನೇ. ಮರುದಿನ ಬೆಳಿಗ್ಗೆ ಪಾರ್ಕಿಂಗ್ ತುಂಬ ಸತ್ತ ಜೇನ್ನೊಣಗಳು. ಗುಡಿಸುವಾಕೆ ಮೊರದಲ್ಲಿ ತುಂಬಿ ಸುರಿಯುತ್ತಿದ್ದಳು.

ಧಾರವಾಡದಿಂದ ಬಂದಿದ್ದ ಅವ್ವ ಅದನ್ನು ನೋಡಿ, "ಅವೇನು ನಿನ್ನ ಮನಿ ಹುಡುಕ್ಕೊಂಡು ಬಂದಿರಲಿಲ್ಲಪಾ. ಕುಂಡ್ರಾಕ ಒಂದು ದೊಡ್ಡ ಗಿಡಾ ಇಲ್ಲ, ಅದಕ್ಕ ಗ್ವಾಡಿಗೆ ಬಂದಿದ್ದವು" ಎಂದಳು.

1962ರಿಂದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇರುವುದು ಇದೇ ಪುಣೆಯಲ್ಲಿ. ಅಂಥ ಊರಿನಲ್ಲಿದ್ದೂ ಜೇನಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ನಮ್ಮ ಕಾಂಪೌಂಡ್‌ನಲ್ಲಿ ಗಿಡಗಳೇ ಇರಲಿಲ್ಲ ಎಂದಲ್ಲ. ಬಿಲ್ಡರ್ ನೆಟ್ಟ ಅಲಂಕಾರದ ತಾಳೆಗಳು, ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಇದ್ದವು. ಗುಲ್‌ಮೊಹರ್ ನೋಡಲು ಚೆಂದವೇ. ಆದರೆ ಒಂದೇ ಜಾತಿಯ ಮರಗಳು ಕೆಲವು ವಾರ ಹೂ ಬಿಟ್ಟು ಸುಮ್ಮನಾದರೆ, ಉಳಿದ ತಿಂಗಳು ಜೇನಿಗೆ ಊಟವೆಲ್ಲಿ?

ಹಾಗಾಗಿ ಆಫೀಸಿನ ಶಿಫ್ಟ್ ರೋಸ್ಟರ್ ಹಾಕುವವನು ಎಕ್ಸೆಲ್‌ನಲ್ಲಿ ಮರಗಳ ರೋಸ್ಟರ್ ಹಾಕಿದೆ. ಫೆಬ್ರುವರಿ, ಮಾರ್ಚ್‌ಗೆ ಮುತ್ತುಗ ಮತ್ತು ಬೂರುಗ. ಬೇಸಿಗೆಗೆ ಹೊಂಗೆ, ಬೇವು, ನೇರಳೆ, ಕಕ್ಕೆ. ಮಳೆಗಾಲಕ್ಕೆ ತೇಗ, ಅದು ಮುಗಿಯುವಾಗ ಬಾರಿಗಿಡ. ಚಳಿಗಾಲದ ಶುರುವಿಗೆ ಅಂಟುವಾಳ. ಒಬ್ಬರ ಶಿಫ್ಟ್ ಮುಗಿಯುವಾಗ ಇನ್ನೊಬ್ಬರು ಬಂದಿರಬೇಕು, ಅಷ್ಟೇ ಲೆಕ್ಕ.

ಎಲ್ಲವನ್ನೂ ನೆಡಲು ನಮ್ಮಲ್ಲಿ ಜಾಗವಿರಲಿಲ್ಲ. ಹಿಂಬದಿಯ ಕಾಂಪೌಂಡ್ ಪಕ್ಕ ಆರು ಗಿಡಗಳಿಗೆ ಒಪ್ಪಿಗೆ ಸಿಕ್ಕಿತು. "ಗಿಡ ನೆಟ್ಟರೆ ಜೇನು ಇನ್ನೂ ಜಾಸ್ತಿ ಬರುವುದಿಲ್ಲವೇ?" ಎಂದು ಮೀಟಿಂಗಿನಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಹೂವಿನ ಮೇಲೆ ಕೂತ ಜೇನು ತನ್ನ ಕೆಲಸ ನೋಡಿಕೊಳ್ಳುತ್ತದೆ, ಅದು ಸಾಮಾನ್ಯವಾಗಿ ಮೈಮೇಲೆ ಬರುವುದು ಗೂಡಿಗೆ ಕೈ ಹಾಕಿದಾಗ ಎಂದೆ. ಆಟದ ಜಾಗದಿಂದ ದೂರ ನೆಡುವುದೆಂದೂ ಬರೆದುಕೊಟ್ಟೆ.

ಹೊಂಗೆಯ ಒಣಕಾಯಿಗಳನ್ನು ಹೊಲದ ಬದುವಿನಿಂದ ಆರಿಸಿ ಕಳಿಸಿದ್ದು ಅವ್ವ. ಇಲ್ಲಿಯವರು ಅದನ್ನು 'ಕರಂಜ' ಎನ್ನುತ್ತಾರೆ. ಹೆಸರು ಹೇಳಿದ ಕೂಡಲೇ ನಮ್ಮ ಮರಾಠಿ ವಾಚ್‌ಮನ್ ಕಾಕಾ ತಾವೇ ಗುದ್ದಲಿ ತಂದರು.

ನೀವೂ ನೆಡುವುದಾದರೆ ನನ್ನ ತಪ್ಪುಗಳಿಂದ ಕಲಿತ ನಾಲ್ಕು ಮಾತು. ಮೊದಲ ಮಳೆ ಬಿದ್ದ ಮೇಲೆ ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆದು ನೆಡಿ. ಗೋಡೆಗೂ ಡ್ರೈನೇಜ್ ಪೈಪಿಗೂ ದೂರವಿರಲಿ. ಬುಡಕ್ಕೆ ಸಿಮೆಂಟ್ ಹಾಕಿಸಬೇಡಿ, ನೆಲದೊಳಗೆ ಗೂಡು ಮಾಡುವ ಒಂಟಿ ಜೇನುಗಳೂ ಇವೆ. ಎಲೆಯಲ್ಲಿ ಹುಳ ಕಂಡ ಕೂಡಲೇ ಔಷಧಿ ಹೊಡೆಸಬೇಡಿ, ಹೂವಿದ್ದಾಗಲಂತೂ ಬೇಡವೇ ಬೇಡ. ಚೆನ್ನೈ, ಹೈದರಾಬಾದಿನಲ್ಲೂ ಹೊಂಗೆ, ಬೇವು, ನೇರಳೆ ಚೆನ್ನಾಗಿ ಬರುತ್ತವೆ. ಬೇರೆ ಕಡೆ ಇರುವವರು ಅಲ್ಲಿಯ ನರ್ಸರಿಯಲ್ಲಿ ಆ ಸೀಮೆಯದೇ ಗಿಡ ಕೇಳಿ.

ಆರರಲ್ಲಿ ಎರಡು ಒಣಗಿದವು, ನಾಲ್ಕು ಉಳಿದವು. ಈ ಏಪ್ರಿಲ್‌ನಲ್ಲಿ ಹೊಂಗೆ ಮೊದಲ ಸಲ ಹೂ ಬಿಟ್ಟಿತು. ಅವರೆ ಹೂವಿನಂಥ ಪುಟ್ಟ ಹೂಗಳ ಗೊಂಚಲು. ಅದರ ಎಸಳು ಒತ್ತಿ ತೆರೆಯಲು ಸ್ವಲ್ಪ ಮೈಭಾರ ಬೇಕು. ಹೆಬ್ಬೆರಳಿನ ಗಾತ್ರದ ಕಪ್ಪು ದುಂಬಿಯೊಂದು ಗುಂಯ್‌ಗುಡುತ್ತ ಬಂದು ಆ ಕೆಲಸ ಮಾಡಿತು. ನಾನು ಸ್ಟ್ಯಾಂಡ್‌ಅಪ್ ಕಾಲ್ ಬಿಟ್ಟು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ.

"ಹೆಜ್ಜೇನು ಬಂದಾವೇನು?"

"ಇನ್ನೂ ಇಲ್ಲವ್ವ."

"ಬರತಾವ ತಗೋ. ಬಂದಾಗ ನೀ ಚೆಕ್ ಬುಕ್ ತೆಗೀಬ್ಯಾಡ."