ರಕ್ತದ ರಿಪೋರ್ಟ್ ಸರಿಯಿದ್ದರೂ ಮೂಳೆ ಮುರಿಯುವುದೇಕೆ?

“ಹಕೀಂ ಸಾಹೇಬ್ರೇ, ಅಮ್ಮಿಯ ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಇದೆ. ಆದರೂ ಬಚ್ಚಲಲ್ಲಿ ಜಾರಿ ಕೈಯೂರಿದ್ದಕ್ಕೇ ಮಣಿಕಟ್ಟು ಮುರಿಯಿತಲ್ಲ?” ಎಂದು ಕೇಳುವವರು ಆಗಾಗ ನನ್ನ ದವಾಖಾನೆಗೆ ಬರುತ್ತಾರೆ. ನ್ಯಾಯವಾದ ಪ್ರಶ್ನೆ.

ನಮ್ಮ ಯುನಾನಿ ಗ್ರಂಥಗಳು ಮೂಳೆಯ ಮಿಜಾಜ್ ಶೀತ ಮತ್ತು ಒಣ ಎನ್ನುತ್ತವೆ. ಹಾಗೆಂದು ಅದು ಒಣಕಟ್ಟಿಗೆಯಲ್ಲ, ಜೀವಂತ ಅಂಗ. ಅದರೊಳಗೆ ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ. ಇನ್ನೊಂದು ಬಗೆಯವು ಆ ಗುಳಿಯಲ್ಲಿ ಹೊಸ ಮೂಳೆ ಕಟ್ಟುತ್ತವೆ. ಕರಗಿಸಲು ಎರಡು ಮೂರು ವಾರ ಸಾಕು, ತುಂಬಲು ಮೂರು ನಾಲ್ಕು ತಿಂಗಳು ಬೇಕು. ಹೀಗೆ ವಯಸ್ಕರ ಅಸ್ಥಿಪಂಜರದ ಸುಮಾರು ಶೇ. 10ರಷ್ಟು ಭಾಗ ಪ್ರತಿವರ್ಷ ಹೊಸದಾಗುತ್ತದೆ. ಕೆಡವುವುದು ಬೇಗ, ಕಟ್ಟುವುದು ನಿಧಾನ. ಮನೆ ಕಟ್ಟಿಸಿದವರಿಗೆಲ್ಲ ಇದು ಗೊತ್ತು.

ಇದಕ್ಕೂ ರಕ್ತಕ್ಕೂ ಏನು ನಂಟು? ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು ತೀರಾ ಸ್ವಲ್ಪ. ಆದರೆ ಹೃದಯ ಬಡಿಯಲು, ಸ್ನಾಯು ಮತ್ತು ನರಗಳು ಕೆಲಸ ಮಾಡಲು ಆ ಸ್ವಲ್ಪವೇ ಬೇಕು. ಊಟದಿಂದ ಸಾಕಷ್ಟು ಸಿಗದಿದ್ದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸಿ ರಕ್ತಕ್ಕೆ ಸೇರಿಸುತ್ತದೆ. ರಕ್ತದ ಲೆಕ್ಕ ಸರಿಹೋಗುತ್ತದೆ. ಮೂಳೆ ಮಾತ್ರ ಸಾಲ ಕೊಡುತ್ತಲೇ ಸೊರಗುತ್ತದೆ. ರಿಪೋರ್ಟ್ ಸರಿಯಿರುವುದು ಇದಕ್ಕೇ. ಮೂಳೆಯ ಸ್ಥಿತಿ ತಿಳಿಯಲು ಡೆಕ್ಸಾ ಎಂಬ ಸಾಂದ್ರತೆಯ ಪರೀಕ್ಷೆ ಬೇರೆಯೇ ಇದೆ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಕೆಡವುವ ಕೆಲಸ ಜೋರಾಗುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಸಾಂದ್ರತೆ ಚೆನ್ನಾಗಿ ಕಂಡರೂ ಮೂಳೆ ಬೇಗ ಮುರಿಯಬಹುದು. ಮೂಳೆಯ ಪ್ರೋಟೀನಿಗೆ ಸಕ್ಕರೆ ಅಂಟಿ ಅದರ ಬಾಗುವ ಗುಣ ಕಡಿಮೆಯಾಗುತ್ತದೆ. ಆದ್ದರಿಂದ ಸಕ್ಕರೆಯನ್ನು ಹತೋಟಿಯಲ್ಲಿಡುವುದೂ ಮೂಳೆಯ ಆರೈಕೆಯೇ.

ಮನೆಯಲ್ಲಿ ಏನು ಮಾಡಬಹುದು? ರಾಗಿ, ಎಳ್ಳು, ಹಾಲು, ಮೊಸರು, ಮುಳ್ಳುಸಮೇತ ತಿನ್ನುವ ಸಣ್ಣ ಮೀನು ಊಟದಲ್ಲಿರಲಿ. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಹೊರಗೆ ಪೂರ್ತಿ ಮೈ ಮುಚ್ಚುವ ಹೆಣ್ಣುಮಕ್ಕಳು ತಾರಸಿಯಲ್ಲೋ ಹಿತ್ತಲಲ್ಲೋ ಮರೆ ಮಾಡಿಕೊಂಡು ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ತಗುಲಿಸಿಕೊಳ್ಳಿ. ಕಿಟಕಿ ಗಾಜಿನ ಹಿಂದಿನ ಬಿಸಿಲು ಇದಕ್ಕೆ ಸಾಲದು. ಕೊರತೆಯಿದ್ದರೆ ವೈದ್ಯರು ಹೇಳಿದಷ್ಟೇ ಮಾತ್ರೆ ತೆಗೆದುಕೊಳ್ಳಿ. ದಿನವೂ ನಡೆಯಿರಿ, ಭಾರ ಬಿದ್ದರೇನೇ ಮೂಳೆ ತನ್ನನ್ನು ಗಟ್ಟಿ ಮಾಡಿಕೊಳ್ಳುವುದು.

ಒಂದು ಎಚ್ಚರಿಕೆ. ಎರಡೇ ದಿನದಲ್ಲಿ ಮಂಡಿನೋವು ಮಾಯ ಮಾಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರಬಹುದು. ತಿಂಗಳುಗಟ್ಟಲೆ ತಿಂದರೆ ಅದು ಮೂಳೆಯನ್ನೇ ತಿನ್ನುತ್ತದೆ. ಮೇಲೆ ‘ಯುನಾನಿ’ ಎಂದು ಬರೆದಿದ್ದರೂ ಕೊಳ್ಳಬೇಡಿ. ಈಗಾಗಲೇ ತಿನ್ನುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ, ಪುಡಿಯ ಸಮೇತ ವೈದ್ಯರ ಬಳಿ ಹೋಗಿ.

ಇನ್ನೊಂದು ಮಾತು: ಹಿರಿಯರು ವುಝೂ ಮಾಡುವ ಜಾಗ ಒಣಗಿರಲಿ, ಹಿಡಿದುಕೊಳ್ಳಲು ಗೋಡೆಗೊಂದು ಸರಳಿರಲಿ. ಮುರಿದ ಮೇಲೆ ಕೂಡಿಸುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಸುಲಭ.