ಸಂಘದ ಕಟ್ಟೆಗೆ ಬಂದ ಪರದೇಶದ ಹುಡುಗಿ

ದೀಪಾವಳಿ ಹೊತ್ತಿಗೆ ಹಾವೇರಿ ಜಿಲ್ಲೆಯ ಡಾಂಬರು ರಸ್ತೆಗಳು ಅರ್ಧ ಕಣವಾಗಿರುತ್ತವೆ. ಹಾನಗಲ್ಲಿನಿಂದ ಯಾವ ದಿಕ್ಕಿಗೆ ಹೊರಟರೂ ರಸ್ತೆಯ ಒಂದು ಬದಿಗೆ ಗೋವಿನಜೋಳ ಹರವಿರುತ್ತದೆ. ತಲೆಗೆ ಸೆರಗು ಹೊದ್ದು ಕಾಲಿನಿಂದಲೇ ಕಾಳು ಕೆದರುತ್ತ ನಡೆಯುವವರು ಹೆಂಗಸರು. ಸವಣೂರಿನ ತೋಟಗಳಲ್ಲಿ ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುವ ಕೈಗಳಿವೆ. ಹಿರೇಕೆರೂರಿನ ಬೀಜದ ಹತ್ತಿಯ ಹೊಲಗಳಲ್ಲಿ ಹೂವಿನ ಕಾಲಕ್ಕೆ ಸಂಜೆ ಮೊಗ್ಗಿನ ಕೇಸರ ಬಿಡಿಸಿ, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ 'ಕ್ರಾಸಿಂಗ್' ಹೆಚ್ಚಾಗಿ ಹೆಣ್ಣುಮಕ್ಕಳದೇ ಕೆಲಸ. ಶಿಗ್ಗಾವಿ ಕಡೆಯ ತಾಂಡಾಗಳಲ್ಲಿ ಕೆಲವು ಬಾಗಿಲಿಗೆ ಬೀಗ. ಮನೆಮಂದಿಯೆಲ್ಲ ಗೋವೆಗೆ ದುಡಿಯಲು ಹೋಗಿರುತ್ತಾರೆ. ದುಡಿತ ಹೆಂಗಸರದು, ಪಹಣಿಯಲ್ಲಿ ಹೆಸರು ಮಾತ್ರ ಬಹುಪಾಲು ಗಂಡಸರದು.

ಇಂಥ ಊರೊಂದರ ಗುಡಿಕಟ್ಟೆಯ ಮೇಲೆ ವಾರಕ್ಕೊಮ್ಮೆ ಹೆಂಗಸರ ಉಳಿತಾಯ ಸಂಘ ಕೂಡುತ್ತದೆ. ತಗಡಿನ ಪೆಟ್ಟಿಗೆ, ಅದರೊಳಗೆ ಠರಾವು ಪುಸ್ತಕ, ಹೆಬ್ಬೆಟ್ಟಿನ ಮಸಿಪ್ಯಾಡು. ಸೆರಗಿನ ಗಂಟು ಬಿಚ್ಚಿ ನೋಟು ನೀಡುತ್ತಾರೆ. ಒಬ್ಬಾಕೆಗೆ ಎಮ್ಮೆ ಕೊಳ್ಳಲು ಸಾಲ ಬೇಕು, ಇನ್ನೊಬ್ಬಾಕೆಗೆ ಮಗಳ ಕಾಲೇಜಿನ ಫೀ ಕಟ್ಟಬೇಕು. ಯಾರಿಗೆ ಮೊದಲು? ಚರ್ಚೆ ಏರುತ್ತದೆ. "ಎಮ್ಮಿ ಮುಂದಿನ ವಾರ ತರಾಕ್ ಬರ್ತೈತವ್ವ, ಫೀ ಕಟ್ಟೂ ತಾರೀಕು ನಿಲ್ಲಂಗಿಲ್ಲ" ಎಂದು ಹಿರಿಯಾಕೆ ತೀರ್ಪು ಕೊಟ್ಟಮೇಲೆ ಸಹಿ ಬೀಳುತ್ತದೆ. ಹೆಬ್ಬೆಟ್ಟು ಒತ್ತುತ್ತಿದ್ದವರಲ್ಲಿ ಕೆಲವರು ಈಗ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆಯುತ್ತಾರೆ. ಆ ಹೊತ್ತು ಉಳಿದವರು ಮಾತು ನಿಲ್ಲಿಸಿ ಕಾಯುತ್ತಾರೆ. ಅದು ನನಗೆ ಬಹಳ ದೊಡ್ಡ ಗೌರವವಾಗಿ ಕಾಣುತ್ತದೆ.

ಸೇವೆಗೆಂದು ಪರದೇಶದಿಂದ ಬಂದ ಹುಡುಗಿ ಈ ಕಟ್ಟೆಯ ಮೇಲೆ ಕುಳಿತರೆ ಪ್ರಶ್ನೆಗಳ ಸುರಿಮಳೆ. "ಬಾ ತಂಗಿ, ಕುಂದರು. ಚಾ ಕುಡೀತಿ? ಅವ್ವ ಅಪ್ಪ ಎಲ್ಲಿ ಇರ್ತಾರ? ನಿಮ್ಮೂರಾಗ ಸಂಘ ಐತೇನು?" ಕೊನೆಯ ಪ್ರಶ್ನೆಗೆ ಆಕೆ ತಡವರಿಸುತ್ತಾಳೆ. ಕಲಿಸಲು ಬಂದಾಕೆ ಕೇಳಿಸಿಕೊಳ್ಳಲು ತೊಡಗುವುದು ಅಲ್ಲಿಂದಲೇ.

ದೂರದೇಶದಿಂದ ಬಂದು ಈ ಸೀಮೆಯಲ್ಲಿ ನೆಲೆ ನಿಂತವರು ಹಿಂದೆಯೂ ಇದ್ದಾರೆ. 1974ರಲ್ಲಿ ಷಿಕಾಗೊದ ಅನಿವಾಸಿ ಭಾರತೀಯರು ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಕಟ್ಟಿದರು. ಅವರಲ್ಲೊಬ್ಬರಾದ ಎಸ್.ಆರ್. ಹಿರೇಮಠರು 1979ರಲ್ಲಿ ಅಮೆರಿಕ ಬಿಟ್ಟು ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಗೆ ಬಂದರು. ಅಮೆರಿಕದವರೇ ಆದ ಪತ್ನಿ ಮೇವಿಸ್ ಅವರೂ ಜೊತೆಗೆ ಬಂದು, ಶ್ಯಾಮಲಾ ಹಿರೇಮಠರಾಗಿ ಇಲ್ಲೇ ಉಳಿದರು. 1984ರಲ್ಲಿ ಹಿರೇಮಠರ ಮುಂದಾಳತ್ವದಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಮಾಡಿದ ಪಲ್ಪ್‌ವುಡ್ ಕಂಪನಿ ಊರೊಟ್ಟಿನ ಭೂಮಿಯಲ್ಲಿ ನೀಲಗಿರಿ ನೆಟ್ಟಾಗ ಮೇವು, ಉರುವಲಿಗೆ ಕುತ್ತು ಬಂತು. ಆ ಹೊರೆ ಹೊರುವವರು ಹೆಂಗಸರೇ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಮುದಾಯದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಅದೇ ನೆಲದಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಆಮೇಲೆ 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು, ಊರೂರಿಗೆ ಹೆಂಗಸರ ಸಂಘಗಳಾದವು. ಸಾಲ ಸಿಕ್ಕುವುದು ಸುಲಭವಾಯಿತು. ಆದರೆ ಕೂಲಿ ಸಮಾನವಾಗಲಿಲ್ಲ, ಹೊಲ ಹೆಸರಿಗೆ ಬರಲಿಲ್ಲ. ಉಳಿದ ಕೆಲಸ ಅಲ್ಲೇ ಇದೆ.

ಹೊರದೇಶಗಳಲ್ಲಿರುವ ಕನ್ನಡದ ಕುಟುಂಬಗಳಿಗೆ ಒಂದು ಮಾತು. ನಿಮ್ಮ ಮಕ್ಕಳು ಸೇವೆಗೆ ಹೊರಡುವುದಾದರೆ ಹಾನಗಲ್ಲಿಗೆ, ಹಿರೇಕೆರೂರಿಗೆ ಕಳಿಸಿ. ಎರಡು ವಾರಕ್ಕಲ್ಲ; ಒಂದು ಮುಂಗಾರು, ಒಂದು ಹಿಂಗಾರು ನಿಲ್ಲುವಂತೆ ಕಳಿಸಿ. ಮೊದಲು ಮಾತು ಕಲಿಯಲಿ. ಏನು ಮಾಡಬೇಕೆಂಬುದನ್ನು ಸಂಘದ ಹೆಂಗಸರೇ ಹೇಳಲಿ.