ಉಳಿಸಿದ ಯೂನಿಟ್ಟಿಗೆ ಬೆಲೆ ಕಟ್ಟಿದವರು

1977ರಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಇದ್ದದ್ದು 56 ಮನೆ, 357 ಜನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದವರು ಅಲ್ಲಿ ಮನೆಮನೆಯ ಒಲೆಯ ಲೆಕ್ಕ ಬರೆದುಕೊಂಡರು: ಸೌದೆಗೆ ಎಷ್ಟು ದೂರ ನಡೆಯುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ಯಾರು ಹೊರುತ್ತಾರೆ. ತಂಡದ ಮುಂದಾಳು ಅಮೂಲ್ಯ ರೆಡ್ಡಿ. ರಸಾಯನ ವಿಜ್ಞಾನಿ ಬೋಕ್ರಿಸ್ ಜೊತೆ ಸೇರಿ ಅವರು 1970ರಲ್ಲಿ ತಂದ ವಿದ್ಯುತ್ ರಸಾಯನಶಾಸ್ತ್ರದ ಪುಸ್ತಕಕ್ಕೆ ಜಗತ್ತಿನೆಲ್ಲೆಡೆ ಓದುಗರಿದ್ದರು. ಅಂಥವರು ಪ್ರಯೋಗಾಲಯ ಬಿಟ್ಟು, 1974ರಲ್ಲಿ ಹಳ್ಳಿಗಳಿಗೆ ವಿಜ್ಞಾನ ಒಯ್ಯುವ 'ಅಸ್ತ್ರ' ಎಂಬ ಕೇಂದ್ರ ಕಟ್ಟಿ, ಸೌದೆ ಹೊರೆಗಳ ಹಿಂದೆ ಬಿದ್ದಿದ್ದರು.

ಲೆಕ್ಕ ಮುಗಿದಾಗ ಊರಿನ ಶಕ್ತಿಯಲ್ಲಿ ಸೌದೆಯದೇ ನೂರಕ್ಕೆ ಸುಮಾರು 89 ಪಾಲು, ವಿದ್ಯುತ್ತಿನದು ನೂರಕ್ಕೆ ಒಂದರ ಹತ್ತಿರ ಎಂದು ತಿಳಿಯಿತು. ಹಾಗಾದರೆ ಒಲೆಗೆ ಗೋಬರ್ ಗ್ಯಾಸ್ ಕೊಟ್ಟರಾಯಿತು ಎಂದು ತಂಡ ಊರೊಟ್ಟಿನ ಸ್ಥಾವರ ಕಟ್ಟಿತು. ಅದು ಸೋತಿತು. ಎಲ್ಲರ ಅಡುಗೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಸೌದೆಯಂತೂ ಕಾಸಿಲ್ಲದೆ ಸಿಗುತ್ತಿತ್ತು. ವಿಜ್ಞಾನಿಗಳ ಪಟ್ಟಿಯಲ್ಲಿ ಅಡುಗೆ ಮೊದಲಿತ್ತು, ಊರವರ ಪಟ್ಟಿಯಲ್ಲಿ ಕುಡಿಯುವ ನೀರು. ಇಷ್ಟು ತಿಳಿಯಲು ಒಂದು ಸ್ಥಾವರ ಸೋಲಬೇಕಾಯಿತು! 1987ರಲ್ಲಿ ಅದೇ ಗ್ಯಾಸನ್ನು ಎಂಜಿನ್ನಿಗೆ ತಿರುಗಿಸಿ ಕೊಳವೆಬಾವಿಯ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಈ ಸಲ ಊರು ಅದನ್ನು ತನ್ನದೆಂದುಕೊಂಡಿತು. ಜನಕ್ಕೆ ಬೇಕಾದದ್ದು ಶಕ್ತಿಯಲ್ಲ, ಅದು ಮಾಡಿಕೊಡುವ ಕೆಲಸ ಎಂಬುದು ರೆಡ್ಡಿಯವರಿಗೆ ಅಲ್ಲಿ ಗಟ್ಟಿಯಾಯಿತು.

ಅದೇ ವರ್ಷ ಕರ್ನಾಟಕದ ವಿದ್ಯುತ್ ಯೋಜನೆಗಳ ದೀರ್ಘಾವಧಿ ಸಮಿತಿ ತನ್ನ ವರದಿ ಮುಂದಿಟ್ಟಿತು. ಕ್ರಿ.ಶ. 2000ಕ್ಕೆ ರಾಜ್ಯಕ್ಕೆ ಸುಮಾರು 4,750 ಕೋಟಿ ಯೂನಿಟ್, 9,400 ಮೆಗಾವಾಟ್ ಸ್ಥಾವರಗಳು ಬೇಕಂತೆ. ಕಲ್ಲಿದ್ದಲು, ಕೈಗಾದ ಅಣುಸ್ಥಾವರ ಎಲ್ಲ ಸೇರಿಸಿ ಕಟ್ಟಿದರೂ ಕೊರತೆ ತಪ್ಪುವುದಿಲ್ಲವಂತೆ. ತೂತು ಕೊಡಕ್ಕೆ ಬಾವಿಯ ಮೇಲೆ ಬಾವಿ ತೋಡುವ ಯೋಜನೆ ಅದು.

ರೆಡ್ಡಿ ಪುರದ ಪ್ರಶ್ನೆಯನ್ನು ಇಡೀ ರಾಜ್ಯಕ್ಕೆ ಕೇಳಿದರು. ಜಿ. ಡಿ. ಸುಮಿತ್ರಾ, ಬಾಲಚಂದ್ರ, ಆಂಟೊನೆಟ್ ಡಿಸಾ ಜೊತೆಗಿದ್ದರು. ಎಷ್ಟು ಯೂನಿಟ್ ಬೇಕು ಎಂಬುದನ್ನು ಪಕ್ಕಕ್ಕಿಟ್ಟು, ಯಾವ ಕೆಲಸಕ್ಕೆ ಎಂಬುದನ್ನು ಹಿಡಿದರು. ಬಚ್ಚಲಿನ ಬಿಸಿನೀರಿಗೆ ಗೀಸರ್ ಬದಲು ಸೋಲಾರ್ ಹೀಟರ್ ಹಾಕಿದರೆ? ಹಳದಿ ಬಲ್ಬು ತೆಗೆದು ಸಿಎಫ್ಎಲ್ ಹಾಕಿದರೆ? ನೀರಾವರಿ ಪಂಪ್‌ಸೆಟ್ಟಿನ ಫುಟ್‌ವಾಲ್ವ್, ಪೈಪು ಬದಲಿಸಿದರೆ? ಇದು ಬೇಸರದ ಕೆಲಸ. ಹಸಿರು ಘೋಷಣೆ ಕೂಗುವುದು ಇದಕ್ಕಿಂತ ಎಷ್ಟೋ ಸಲೀಸು. ಕತ್ತಲಲ್ಲಿದ್ದ ಮನೆಗಳಿಗೂ ದೀಪ ಕೊಟ್ಟು ಕೂಡಿದಾಗ ಮೊತ್ತ ಬಂದದ್ದು 1,790 ಕೋಟಿ ಯೂನಿಟ್, 4,000 ಮೆಗಾವಾಟ್. ಖರ್ಚು ಸಮಿತಿ ಹೇಳಿದ್ದರ ಸುಮಾರು ಮೂರನೇ ಒಂದು ಭಾಗ. ಕಲ್ಲಿದ್ದಲ ಹೊಗೆಯಂತೂ ಹೋಲಿಸಲಾಗದಷ್ಟು ಕಡಿಮೆ.

ಸರ್ಕಾರ ಅದನ್ನು ತನ್ನ ಯೋಜನೆ ಮಾಡಿಕೊಳ್ಳಲಿಲ್ಲ. ಕಾಂಟ್ರಾಕ್ಟು ಹುಟ್ಟುವುದು ಸ್ಥಾವರದಲ್ಲಿ, ಫುಟ್‌ವಾಲ್ವಿನಲ್ಲಲ್ಲ.

ಆದರೆ ಲೆಕ್ಕ ಗಡಿ ದಾಟಿತು. ಪುಣೆಯ 'ಪ್ರಯಾಸ್' ಸಂಸ್ಥೆಯ ಗಿರೀಶ್ ಸಂತ್, ಶಂತನು ದೀಕ್ಷಿತ್ ಮಹಾರಾಷ್ಟ್ರಕ್ಕೆ ಇಂಥದೇ ಲೆಕ್ಕ ಹಾಕಲು ಕೂತರು. ಎದುರಿಗೆ ಇದ್ದದ್ದು ಅಮೆರಿಕದ ಎನ್ರಾನ್ ಕಂಪನಿಯ ದಾಭೋಳ ವಿದ್ಯುತ್ ಸ್ಥಾವರ. 1993ರಲ್ಲಿ ಮಾಡಿಕೊಂಡ ಒಪ್ಪಂದದಂತೆ ವಿದ್ಯುತ್ ಕೊಂಡರೂ ಬಿಟ್ಟರೂ ರಾಜ್ಯದ ವಿದ್ಯುತ್ ಮಂಡಳಿ ದುಡ್ಡು ತೆರಬೇಕಿತ್ತು. ಈ ಒಪ್ಪಂದ ದುಬಾರಿ ಎಂದು ಪ್ರಯಾಸ್ ಮೊದಲೇ ಅಂಕಿಯಿಟ್ಟು ಹೇಳಿತ್ತು. 1999ರಲ್ಲಿ ಶುರುವಾದ ಸ್ಥಾವರ 2001ರಲ್ಲಿ ನಿಂತಿತು. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ ಈ ಮಂಡಳಿಯ ಗಿರಾಕಿಗಳಾಗಿದ್ದವು. ಟಾಟಾ, ಬೆಸ್ಟ್ ವಿದ್ಯುತ್ ಕೊಡುತ್ತಿದ್ದ ಮುಂಬಯಿ ಝಗಮಗಿಸುತ್ತಿದ್ದಾಗ, 2005ರ ಸುಮಾರಿಗೆ ಈ ಊರುಗಳು ಲೋಡ್‌ಶೆಡ್ಡಿಂಗ್ ವೇಳಾಪಟ್ಟಿ ನೋಡಿಕೊಂಡು ಅಡುಗೆ ಮಾಡಿದವು, ನೀರು ತುಂಬಿಸಿಕೊಂಡವು. ರೆಡ್ಡಿ 2006ರ ಮೇ ತಿಂಗಳಲ್ಲಿ ತೀರಿಕೊಂಡರು. ಎಂಟೇ ವರ್ಷಕ್ಕೆ, 2014ರಲ್ಲಿ, ಕೇಂದ್ರ ಸರ್ಕಾರ 310 ರೂಪಾಯಿಯಂತೆ ಎಲ್ಇಡಿ ಬಲ್ಬು ಒಟ್ಟಾಗಿ ಕೊಳ್ಳತೊಡಗಿತು. 2016ರ ಹೊತ್ತಿಗೆ ಬೆಲೆ 38ಕ್ಕೆ ಬಂತು.

ಈ ಲೆಕ್ಕದ ತಿರುಳು ಇಷ್ಟು. ಒಳ್ಳೆಯ ಬಲ್ಬಿಗೆ ಕೊಟ್ಟ ಹೆಚ್ಚುವರಿ ಬೆಲೆಯನ್ನು ಅದರ ಆಯಸ್ಸಿನ ವರ್ಷಗಳಿಗೆ ಹಂಚಿ, ವರ್ಷಕ್ಕೆ ಉಳಿಸಿದ ಯೂನಿಟ್ಟುಗಳಿಂದ ಭಾಗಿಸಿದರೆ ಉಳಿತಾಯದ ಯೂನಿಟ್ಟಿಗೆ ಒಂದು ದರ ಸಿಗುತ್ತದೆ. ಅದನ್ನೂ ಹೊಸ ಸ್ಥಾವರದ ಯೂನಿಟ್ಟನ್ನೂ ಒಂದೇ ಸಾಲಿನಲ್ಲಿ, ಅಗ್ಗದಿಂದ ದುಬಾರಿಗೆ ಜೋಡಿಸಬೇಕು. ಬೇಡಿಕೆ ತುಂಬಿದಲ್ಲಿ ನಿಲ್ಲಬೇಕು. ಸಾಲಿನ ಮೊದಲ ಹಲವು ಬಾಬುಗಳಲ್ಲಿ ಇಂಗಾಲ ತಗ್ಗಿಸಲು ಖರ್ಚೇ ಇಲ್ಲ, ಉಳಿತಾಯವಿದೆ. ಆದರೆ ಸಾಲು ಎಲ್ಲ ಕಡೆ ಒಂದೇ ಅಲ್ಲ: ಕರ್ನಾಟಕದಲ್ಲಿ ಗೀಸರು, ಪಂಪ್‌ಸೆಟ್ಟು ಮುಂದೆ ನಿಂತರೆ, ಮಹಾರಾಷ್ಟ್ರದಲ್ಲಿ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆ ಉರಿಸಿ ಪಡೆಯುವ ವಿದ್ಯುತ್ತೂ ಸಾಲಿಗೆ ಬರುತ್ತದೆ. ಒಂದೊಂದು ರಾಜ್ಯದ ಲೆಕ್ಕವನ್ನೂ ಬೇರೆಯಾಗಿಯೇ ಹಾಕಬೇಕು.